ಸ್ಪ್ಯಾನರ್ ಹಿಡಿದ ಕೈಗೆ ಸೀಲು ಬೇಡ

ಕರ್ನಾಟಕದ ಗ್ಯಾರೇಜ್ ಮಾಲೀಕರಿಗೆ ಮತ್ತು ಮೇಸ್ತ್ರಿಗಳಿಗೆ ಒಂದು ಬಹಿರಂಗ ಪತ್ರ



ಬಾಡಿಗೆ ಗಾಡಿಗಳ ಅರ್ಹತಾ ಪತ್ರದ, ಅಂದರೆ ಎಫ್‌ಸಿ ಪರೀಕ್ಷೆಯನ್ನು ಆರ್‌ಟಿಒ ಕಚೇರಿಯಿಂದ ಬಿಡಿಸಿ ಗ್ಯಾರೇಜುಗಳಿಗೇ ಒಪ್ಪಿಸಬೇಕು ಎಂದು ನಿಮ್ಮಲ್ಲಿ ಕೆಲವರು ಹೇಳುವುದನ್ನು ಕೇಳಿದ್ದೇನೆ. ಕಚೇರಿಯ ಅಂಗಳದಲ್ಲಿ ನಿಂತು ಒಂದು ಸುತ್ತು ನೋಡುವವರಿಗಿಂತ, ವರ್ಷವಿಡೀ ಗಾಡಿಯ ಕೆಳಗೆ ಮಲಗಿ ಕೆಲಸ ಮಾಡುವ ನಮಗೆ ಅದರ ಸ್ಥಿತಿ ಚೆನ್ನಾಗಿ ಗೊತ್ತು ಎನ್ನುವುದು ಅವರ ವಾದ. ಗಾಡಿ ನಿಮಗೇ ಚೆನ್ನಾಗಿ ಗೊತ್ತು ಎನ್ನುವ ಮಾತನ್ನು ನಾನು ಒಪ್ಪುತ್ತೇನೆ. ಅದನ್ನು ಪಾಸು ಮಾಡುವ ಸೀಲು ನಿಮ್ಮ ಕೈಯಲ್ಲಿರಬೇಕು ಎನ್ನುವುದನ್ನು ಒಪ್ಪುವುದಿಲ್ಲ. ಇದರಲ್ಲಿ ನಿಮ್ಮ ಪ್ರಾಮಾಣಿಕತೆಯ ಬಗ್ಗೆ ಅನುಮಾನವಿಲ್ಲ. ಯಾಕೆ ಒಪ್ಪುವುದಿಲ್ಲ ಎಂದು ವಿವರವಾಗಿ ಹೇಳಬೇಕೆನ್ನಿಸಿ ಬರೆಯುತ್ತಿದ್ದೇನೆ.

ನಾನು ತಾಲ್ಲೂಕು ಪಟ್ಟಣವೊಂದರ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು. ನನ್ನ ತರಗತಿಯ ಬಹುಪಾಲು ಮಕ್ಕಳು ಸುತ್ತಲಿನ ಹಳ್ಳಿಗಳಿಂದ ಮ್ಯಾಕ್ಸಿಕ್ಯಾಬು, ಓಮ್ನಿ, ಆಟೋಗಳಲ್ಲಿ ಬರುತ್ತಾರೆ. ಗಾಡಿಯ ಮೈಮೇಲೆ ಎಫ್‌ಸಿ ಯಾವ ತಾರೀಖಿನವರೆಗೆ ಇದೆ ಎಂದು ಬಣ್ಣದಲ್ಲಿ ಬರೆಸಿರುತ್ತಾರೆ. ತಂದೆತಾಯಿ ಆ ತಾರೀಖು ನೋಡಿ ಮಕ್ಕಳನ್ನು ಹತ್ತಿಸುತ್ತಾರೆ. ಅವರಿಗೆ ಬ್ರೇಕಿನ ಡ್ರಮ್ ಬಿಚ್ಚಿ ಲೈನರ್ ನೋಡಲು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಒಬ್ಬ ತಿಳಿದವರು ನೋಡಿ ಸರಿಯಿದೆ ಎಂದಿದ್ದಾರೆ ಎನ್ನುವುದಷ್ಟೇ ಅವರಿಗಿರುವ ಧೈರ್ಯ.

ಆ ಧೈರ್ಯಕ್ಕೆ ಆಧಾರವೇನು?

ಕಾಗದದ ಮೇಲೆ ವ್ಯವಸ್ಥೆ ಗಟ್ಟಿಯಾಗಿಯೇ ಇದೆ. 1988ರ ಮೋಟಾರು ವಾಹನ ಕಾಯ್ದೆಯ 56ನೇ ಸೆಕ್ಷನ್ ಪ್ರಕಾರ, ಅರ್ಹತಾ ಪತ್ರವಿಲ್ಲದ ಸಾರಿಗೆ ವಾಹನಕ್ಕೆ ನೋಂದಣಿಯೇ ಇಲ್ಲವೆಂದು ಲೆಕ್ಕ. ಹೊಸ ಗಾಡಿಗೆ ಎರಡು ವರ್ಷ, ಆಮೇಲೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಎಂಟು ದಾಟಿದ ಮೇಲೆ ಪ್ರತಿ ವರ್ಷ ಪರೀಕ್ಷೆ. ಸ್ವಂತದ ಬಿಳಿ ಬೋರ್ಡ್ ಕಾರಿಗಾದರೆ ಮೊದಲ ಹದಿನೈದು ವರ್ಷ ಯಾರೂ ಏನೂ ಕೇಳುವುದಿಲ್ಲ. ಅದು ಬೇರೆಯೇ ಒಂದು ದೊಡ್ಡ ಕೊರತೆ, ಇಲ್ಲಿ ಬಿಟ್ಟುಬಿಡುತ್ತೇನೆ.

ಆದರೆ ಎಫ್‌ಸಿ ತಾರೀಖು ಹತ್ತಿರ ಬಂದಾಗ ಗಾಡಿಗೆ ಏನೇನಾಗುತ್ತದೆ ಎನ್ನುವುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಮೊದಲು ಟಿಂಕರಿಂಗ್, ಆಮೇಲೆ ಬಣ್ಣ, ರೇಡಿಯಂ ಪಟ್ಟಿ, ಇಂಡಿಕೇಟರ್ ಬಲ್ಬು, ವೈಪರ್, ಫಸ್ಟ್ ಏಡ್ ಪೆಟ್ಟಿಗೆ, ಬೆಂಕಿ ಆರಿಸುವ ಸಿಲಿಂಡರು. ಕಣ್ಣಿಗೆ ಬೀಳುವುದೆಲ್ಲ ಹೊಸದಾಗುತ್ತದೆ. ಮ್ಯಾಕ್ಸಿಕ್ಯಾಬ್ ಓಡಿಸುವ ಒಬ್ಬ ಪೋಷಕರು ಒಮ್ಮೆ ನನಗೆ ಇದನ್ನೆಲ್ಲ ಬಿಡಿಸಿ ಹೇಳಿದರು. ಒಂದು ದಿನದ ಮಟ್ಟಿಗೆ ಟೈರೂ ಬಾಡಿಗೆಗೆ ಸಿಗುತ್ತದೆ, ಬೆಳಿಗ್ಗೆ ಹಾಕಿಸಿ ಸಂಜೆ ಬಿಚ್ಚಿಸಿ ಕೊಟ್ಟರಾಯಿತು ಎಂದರು. ಅದನ್ನು ಹೇಳುವಾಗ ಅವರಿಗೆ ಸಂಕೋಚವೇನೂ ಇರಲಿಲ್ಲ, ಎಲ್ಲರೂ ಮಾಡುವ ಕೆಲಸ ಎನ್ನುವಂತಿತ್ತು. ಅವರ ಮಗಳು ನನ್ನ ತರಗತಿಯಲ್ಲಿದ್ದಾಳೆ. ಅದೇ ಗಾಡಿಯಲ್ಲಿ ಬರುತ್ತಾಳೆ.

ಟೈರಿನ ಗೆರೆಯ ಆಳ ಕನಿಷ್ಠ 1.6 ಮಿಲಿಮೀಟರ್ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿದೆ. ಬೈಕು, ಆಟೋಗಳಿಗೆ 0.8. ಅಳೆಯಲು ದೊಡ್ಡ ಉಪಕರಣವೂ ಬೇಡ. ಗೆರೆಗಳ ಒಳಗೆ ಸಣ್ಣ ಉಬ್ಬು ಇರುತ್ತದೆ, ಟೈರು ಸವೆದು ಆ ಉಬ್ಬಿನ ಮಟ್ಟಕ್ಕೆ ಬಂದರೆ ಮುಗಿಯಿತು. ಗೆರೆ ಇರುವುದು ನೀರಿಗೆ ದಾರಿ ಬಿಡಲು. ಒಣ ರಸ್ತೆಯಲ್ಲಿ ಬೋಳು ಟೈರೂ ಹಿಡಿಯುತ್ತದೆ, ಅದರಿಂದಲೇ ಜನ ಮೋಸ ಹೋಗುವುದು. ಜೂನ್ ತಿಂಗಳಲ್ಲಿ ಶಾಲೆ ಶುರುವಾಗುವುದಕ್ಕೂ ಮಳೆ ಹಿಡಿಯುವುದಕ್ಕೂ ನಮ್ಮಲ್ಲಿ ಒಂದೇ ಸಮಯ. ನೀರು ನಿಂತ ಡಾಂಬರಿನ ಮೇಲೆ ಬೋಳು ಟೈರಿಗೆ ನೆಲವೇ ಸಿಗುವುದಿಲ್ಲ.

ಬ್ರೇಕಿನ ಮಾತು ಇನ್ನೂ ಗಂಭೀರ. ಪೆಡಲನ್ನು ಎರಡು ಸಲ ಪಂಪ್ ಮಾಡಿದರೆ ಹಿಡಿಯುವ ಬ್ರೇಕು ಅಂಗಳದ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತದೆ. ಅಂಗಳದಲ್ಲಿ ಪಂಪ್ ಮಾಡಲು ಪುರುಸೊತ್ತಿದೆ, ವೇಗವೂ ಇಲ್ಲ, ಸೀಟಿನಲ್ಲಿ ಮಕ್ಕಳೂ ಇಲ್ಲ. ರಸ್ತೆಯಲ್ಲಿ ದನ ಅಡ್ಡ ಬಂದಾಗ ಎರಡನೆಯ ಸಲ ಒತ್ತಲು ಯಾರೂ ಬಿಡುವುದಿಲ್ಲ. ಎಡಚಕ್ರ ಹಿಡಿದು ಬಲಚಕ್ರ ಹಿಡಿಯದಿದ್ದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ. ನಿಧಾನಕ್ಕೆ ಹೋಗುವಾಗ ಅದು ಸ್ಟೀರಿಂಗಿನಲ್ಲಿ ಸ್ವಲ್ಪ ತಿಳಿಯುತ್ತದೆ ಅಷ್ಟೆ, ಅರವತ್ತರ ವೇಗದಲ್ಲಿ ಅದೇ ಗಾಡಿಯನ್ನು ತಿರುಗಿಸಿ ಹಾಕುತ್ತದೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತ ಹೋಗುತ್ತದೆ. ವರ್ಷಗಟ್ಟಲೆ ಬದಲಿಸದ ಆಯಿಲ್ ಕಡಿಮೆ ಶಾಖಕ್ಕೇ ಕುದಿದು, ಒಳಗೆ ಆವಿಯಾಗಿ, ಪೆಡಲು ನೆಲಕ್ಕೆ ಹೋಗುತ್ತದೆ. ಊರೊಳಗೆ ಓಡಾಡುವವರೆಗೆ ಇದು ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಶಾಲೆಯ ಪ್ರವಾಸಕ್ಕೆ ಹೊರಟು ಚಾರ್ಮಾಡಿ ಘಾಟಿಯನ್ನೋ ಶಿರಾಡಿ ಘಾಟಿಯನ್ನೋ ಬ್ರೇಕಿನ ಮೇಲೆ ಕಾಲಿಟ್ಟು ಇಳಿಯುವಾಗ.

ಇದನ್ನೆಲ್ಲ ನಿಮಗೆ ಪಾಠ ಮಾಡಲು ಬರೆಯಲಿಲ್ಲ. ಪೋಷಕರೂ ಈ ಪತ್ರ ಓದುತ್ತಾರೆ. ಬಣ್ಣ ಹೊಡೆಸಿದ ಗಾಡಿಗೂ ಪರೀಕ್ಷೆಯಾದ ಗಾಡಿಗೂ ಎಷ್ಟು ಅಂತರ ಎನ್ನುವುದು ಅವರಿಗೆ ತಿಳಿಯಬೇಕು.

ಗ್ಯಾರೇಜನ್ನು ನಂಬಬಹುದೇ ಎಂದು ಯಾರನ್ನಾದರೂ ಕೇಳಿ ನೋಡಿ, ಅವರ ಮನಸ್ಸಿಗೆ ಮೊದಲು ಬರುವುದು ಒಂದೇ ಬಗೆಯ ಸುಳ್ಳು: ಚೆನ್ನಾಗಿರುವ ಪಾರ್ಟನ್ನೂ ಹೋಗಿದೆ ಎಂದು ಹೇಳಿ ಬಿಲ್ಲು ಬೆಳೆಸುವುದು. ಅಂಥವರು ಇದ್ದಾರೆ. ಆದರೆ ಆ ಸುಳ್ಳಿಗೆ ತಡೆಯೂ ಇದೆ. ದುಡ್ಡು ಕೊಡುವವರು ಎದುರಿಗೇ ನಿಂತಿರುತ್ತಾರೆ, ಹಳೆಯ ಪಾರ್ಟು ತೋರಿಸಿ ಎನ್ನುತ್ತಾರೆ, ಪಕ್ಕದ ಗ್ಯಾರೇಜಿನಲ್ಲಿ ಕೇಳುತ್ತಾರೆ, ಜಗಳವಾಡುತ್ತಾರೆ. ನನ್ನ ಭಯ ಇನ್ನೊಂದು ಸುಳ್ಳಿನದು. ಹೋಗಿರುವ ಪಾರ್ಟನ್ನು ಚೆನ್ನಾಗಿದೆ ಎನ್ನುವುದು. ಅದಕ್ಕೆ ಯಾರೂ ಜಗಳವಾಡುವುದಿಲ್ಲ. ಹೇಳಿದವರಿಗೂ ಲಾಭ, ಹೇಳಿಸಿಕೊಂಡವರಿಗೂ ಲಾಭ. ನಷ್ಟವಾಗುವುದು ಹಿಂದಿನ ಸೀಟಿನಲ್ಲಿ ಕೂತ ಮಗುವಿಗೆ, ಎದುರಿನಿಂದ ಬರುತ್ತಿರುವ ಬೈಕಿನವರಿಗೆ. ಅವರಿಬ್ಬರೂ ಪರೀಕ್ಷೆಯ ಹೊತ್ತಿಗೆ ಅಲ್ಲಿರುವುದಿಲ್ಲ.

ಇದು ನನ್ನ ಊಹೆಯಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ವಾಹನಗಳ ಹೊಗೆ ಪರೀಕ್ಷೆಯನ್ನು ಖಾಸಗಿ ಗ್ಯಾರೇಜುಗಳೇ ಮಾಡುತ್ತವೆ. ಅಲ್ಲಿನ ಪರೀಕ್ಷೆಗಳ ದಾಖಲೆಯನ್ನು ಇಟ್ಟುಕೊಂಡು ವಿಕ್ಟರ್ ಬೆನೆಟ್, ಲಾಮಾರ್ ಪಿಯರ್ಸ್, ಜೇಸನ್ ಸ್ನೈಡರ್, ಮೈಕೆಲ್ ಟಾಫೆಲ್ ಎಂಬ ಸಂಶೋಧಕರು 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸುತ್ತಮುತ್ತ ಪೈಪೋಟಿಯ ಗ್ಯಾರೇಜುಗಳು ಹೆಚ್ಚಿದಷ್ಟೂ ಪಾಸಾಗುವ ಗಾಡಿಗಳೂ ಹೆಚ್ಚುತ್ತವೆ ಎಂದು ಅವರು ಕಂಡರು. ಫೇಲು ಮಾಡಿದ ಗ್ಯಾರೇಜಿಗೆ ಗಿರಾಕಿ ಮುಂದಿನ ಸಲ ಬರುವುದಿಲ್ಲ, ಪಾಸು ಮಾಡುವ ಕಡೆಗೆ ಹೋಗುತ್ತಾನೆ. ಪೈಪೋಟಿ ಇದ್ದರೆ ಕೆಲಸ ಚೆನ್ನಾಗುತ್ತದೆ ಎಂದು ನಾವು ನಂಬಿದ್ದೇವೆ. ರಿಪೇರಿಯ ವಿಷಯದಲ್ಲಿ ಅದು ನಿಜವೂ ಹೌದು. ಪರೀಕ್ಷೆಯ ವಿಷಯದಲ್ಲಿ ಅದೇ ಪೈಪೋಟಿ ಪರೀಕ್ಷೆಯನ್ನು ಸಡಿಲ ಮಾಡುತ್ತದೆ. ಅವರಲ್ಲೇ ಇಬ್ಬರು, ಪಿಯರ್ಸ್ ಮತ್ತು ಸ್ನೈಡರ್, 2008ರಲ್ಲಿ ಇನ್ನೊಂದು ಸಂಗತಿ ತೋರಿಸಿದ್ದರು: ಒಬ್ಬನೇ ಪರೀಕ್ಷಕ ಒಂದು ಗ್ಯಾರೇಜಿನಿಂದ ಇನ್ನೊಂದಕ್ಕೆ ಕೆಲಸ ಬದಲಿಸಿದರೆ, ಅವನು ಪಾಸು ಮಾಡುವ ಪ್ರಮಾಣವೂ ಹೊಸ ಗ್ಯಾರೇಜಿನ ಪದ್ಧತಿಗೆ ಬೇಗನೆ ಹೊಂದಿಕೊಂಡುಬಿಡುತ್ತದೆ. ಮನುಷ್ಯ ಅವನೇ, ಕಲಿತ ಕೆಲಸವೂ ಅದೇ. ಬದಲಾಗಿದ್ದು ಅವನು ನಿಂತ ಜಾಗ.

ಹಾಗಾಗಿಯೇ ಒಳ್ಳೆಯ ಮೇಸ್ತ್ರಿ, ಕೆಟ್ಟ ಮೇಸ್ತ್ರಿ ಎಂದು ವಿಂಗಡಿಸುತ್ತ ಕೂರುವುದರಿಂದ ಪ್ರಯೋಜನವಿಲ್ಲ ಎನ್ನುತ್ತಿದ್ದೇನೆ. ಒಳ್ಳೆಯವರನ್ನೂ ಬಗ್ಗಿಸುವ ಜಾಗದಲ್ಲಿ ನಿಲ್ಲಿಸಿ, ನೀವು ಬಗ್ಗಬೇಡಿ ಎನ್ನುವುದು ನ್ಯಾಯವಲ್ಲ. ನಿಮ್ಮ ಗಿರಾಕಿ ನಿಮಗೆ ಹೊಸಬರಲ್ಲ. ಅವರ ಗಾಡಿಯ ಸಾಲದ ಕಂತು ಎಷ್ಟು, ಈ ತಿಂಗಳು ಬಾಡಿಗೆ ಬಂತೋ ಇಲ್ಲವೋ ಎಲ್ಲವೂ ನಿಮಗೆ ಗೊತ್ತಿರುತ್ತದೆ. ಹಬ್ಬಕ್ಕೆ ಅವರ ಮನೆಯಲ್ಲಿ ಊಟ ಮಾಡಿರುತ್ತೀರಿ. ಅವರು ಬಂದು ಅಣ್ಣಾ, ಲೈನರ್ ಮುಂದಿನ ತಿಂಗಳು ಹಾಕಿಸ್ತೀನಿ, ಈಗ ಪಾಸ್ ಮಾಡಿಕೊಡು ಎಂದರೆ ಇಲ್ಲ ಎನ್ನಲು ನಿಮಗೆ ಎಷ್ಟು ಸಂಕಟವಾದೀತು ಎಂದು ನನಗೆ ಅರ್ಥವಾಗುತ್ತದೆ. ಆ ಸಂಕಟಕ್ಕೆ ನಿಮ್ಮನ್ನು ಒಡ್ಡಬಾರದು ಎನ್ನುವುದೇ ನನ್ನ ಮಾತು.

ನಮ್ಮ ಕೆಲಸದಲ್ಲಿ ಇದಕ್ಕೊಂದು ಏರ್ಪಾಡಿದೆ. ನನ್ನ ಮಕ್ಕಳ ಎಸ್ಸೆಸ್ಸೆಲ್ಸಿ ಉತ್ತರ ಪತ್ರಿಕೆಯನ್ನು ನಾನು ತಿದ್ದುವುದಿಲ್ಲ. ವರ್ಷವಿಡೀ ಅವರಿಗೆ ಕಲಿಸಿದವಳು ನಾನು, ಯಾರು ಎಷ್ಟು ಬಲ್ಲರು ಎಂದು ನನ್ನಷ್ಟು ತಿಳಿದವರು ಇನ್ನೊಬ್ಬರಿಲ್ಲ. ಆದರೂ ಪತ್ರಿಕೆಗಳು ಮೌಲ್ಯಮಾಪನ ಕೇಂದ್ರಕ್ಕೆ ಹೋಗುತ್ತವೆ, ಯಾರ ಪತ್ರಿಕೆ ಎಂದು ತಿಳಿಯದವರು ತಿದ್ದುತ್ತಾರೆ. ಅಂಕ ಸರಿಯಿಲ್ಲ ಎನ್ನಿಸಿದರೆ ಮರುಮೌಲ್ಯಮಾಪನ ಕೇಳುವ ಹಕ್ಕೂ ಮಕ್ಕಳಿಗಿದೆ. ಇದರಿಂದ ನನಗೆ ಅವಮಾನವಾಯಿತು ಎಂದು ಯಾವ ಶಿಕ್ಷಕರೂ ಹೇಳಿದ್ದನ್ನು ನಾನು ಕೇಳಿಲ್ಲ. ನಾನೇ ತಿದ್ದಿದ್ದರೆ, ಅಪ್ಪನಿಲ್ಲದ ಹುಡುಗನಿಗೆ ಎರಡು ಅಂಕ ಹೆಚ್ಚು ಕೊಡದೆ ಇರಲು ನನ್ನಿಂದ ಆಗುತ್ತಿತ್ತೋ ಇಲ್ಲವೋ. ಆ ಕಷ್ಟದಿಂದ ನನ್ನನ್ನು ಪಾರು ಮಾಡಿರುವುದು ಆ ಪದ್ಧತಿ.

ಗ್ಯಾರೇಜಿಗೇ ಪರೀಕ್ಷೆ ಒಪ್ಪಿಸಿದ ದೇಶಗಳಿಲ್ಲವೇ ಎಂದು ನೀವು ಕೇಳಬಹುದು. ಇವೆ. ಬ್ರಿಟನ್ನಿನಲ್ಲಿ 1960ರಲ್ಲಿ ಎಂಒಟಿ ಎಂಬ ಕಡ್ಡಾಯ ಪರೀಕ್ಷೆ ಬಂತು, ಮೊದಲು ಹತ್ತು ವರ್ಷ ದಾಟಿದ ಕಾರುಗಳಿಗೆ. 1967ರಲ್ಲಿ ಅದನ್ನು ಮೂರು ವರ್ಷಕ್ಕೆ ಇಳಿಸಿದರು. ಅಲ್ಲಿ ಪರವಾನಗಿ ಪಡೆದ ಗ್ಯಾರೇಜೇ ಪರೀಕ್ಷಿಸುತ್ತದೆ, ಫೇಲಾದರೆ ಅಲ್ಲೇ ರಿಪೇರಿಯನ್ನೂ ಮಾಡಿಸಬಹುದು. ಆದರೆ ಆ ಗ್ಯಾರೇಜಿನ ಸುತ್ತ ಎಷ್ಟು ಕಣ್ಣುಗಳನ್ನು ಇಟ್ಟಿದ್ದಾರೆ ನೋಡಿ. ಗಾಡಿ ತಂದವರು ನಿಗದಿಯಾದ ಜಾಗದಲ್ಲಿ ನಿಂತು ಪರೀಕ್ಷೆ ನೋಡಬಹುದು. ಫಲಿತಾಂಶ ಸರ್ಕಾರದ ಕಂಪ್ಯೂಟರಿಗೆ ಹೋಗುತ್ತದೆ. ಯಾವ ಗಾಡಿಯ ನಂಬರ್ ಹಾಕಿದರೂ ಅದು ಯಾವಾಗ ಪಾಸಾಯಿತು, ಯಾವುದಕ್ಕೆ ಫೇಲಾಯಿತು, ಎಷ್ಟು ದೂರ ಓಡಿತ್ತು ಎನ್ನುವುದನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ನೋಡಬಹುದು. ಗಿರಾಕಿಯ ವೇಷದಲ್ಲಿ ದೋಷವಿರುವ ಗಾಡಿ ಕಳಿಸಿ ಪರೀಕ್ಷಕರನ್ನೇ ಪರೀಕ್ಷಿಸುವ ಪದ್ಧತಿಯೂ ಇದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ನೆದರ್‌ಲ್ಯಾಂಡ್ಸಿನ ಪದ್ಧತಿ. ಅಲ್ಲೂ ಪರೀಕ್ಷೆ ಗ್ಯಾರೇಜಿನಲ್ಲೇ. ಆದರೆ ಪರೀಕ್ಷಕ ಫಲಿತಾಂಶವನ್ನು ಸರ್ಕಾರಿ ಸಂಸ್ಥೆ ಆರ್‌ಡಿಡಬ್ಲ್ಯೂಗೆ ಕಳಿಸಿದ ಕೂಡಲೇ ಕಂಪ್ಯೂಟರು ಚೀಟಿ ಎತ್ತಿದಂತೆ ನೂರಕ್ಕೆ ಮೂರು ಗಾಡಿಗಳನ್ನು ಆರಿಸುತ್ತದೆ. ಆರಿಸಿದ ಗಾಡಿ ಗ್ಯಾರೇಜು ಬಿಟ್ಟು ಕದಲುವಂತಿಲ್ಲ. ತೊಂಬತ್ತು ನಿಮಿಷದೊಳಗೆ ಸಂಸ್ಥೆಯ ಇನ್ಸ್‌ಪೆಕ್ಟರ್ ಬಂದು ಅದೇ ಗಾಡಿಯನ್ನು ಮತ್ತೆ ನೋಡುತ್ತಾರೆ. ಇಬ್ಬರ ವರದಿಗೂ ವ್ಯತ್ಯಾಸವಿದ್ದರೆ ಗ್ಯಾರೇಜಿನ ಖಾತೆಯಲ್ಲಿ ದಂಡದ ಅಂಕ ಬೀಳುತ್ತದೆ, ಅಂಕ ಸೇರುತ್ತ ಹೋದರೆ ಪರವಾನಗಿಗೇ ಕುತ್ತು. ಯಾವ ಗಾಡಿ ಆರಿಸಲ್ಪಡುತ್ತದೆ ಎಂದು ಮೊದಲೇ ಗೊತ್ತಿಲ್ಲದಿರುವುದರಲ್ಲೇ ಅದರ ಬಲವಿದೆ. ಪರಿಚಯದವರು ಪಾಸ್ ಮಾಡಿಕೊಡು ಎಂದು ಗೋಗರೆದರೂ ಮೇಸ್ತ್ರಿಗೆ ಹೇಳಲು ಒಂದು ಮಾತು ಸಿಗುತ್ತದೆ: ಈಗ ಇನ್ಸ್‌ಪೆಕ್ಟರ್ ಬಂದರೆ ನಾನೇನು ಹೇಳಲಿ?

ಇಷ್ಟೆಲ್ಲ ಕಾವಲು ನಮ್ಮಲ್ಲಿ ನಾಳೆ ಬೆಳಿಗ್ಗೆಗೆ ಬರುತ್ತದೆ ಎನ್ನುವ ಭರವಸೆ ನನಗಿಲ್ಲ. ಕಾವಲಿಲ್ಲದೆ ಸೀಲನ್ನು ಮಾತ್ರ ನಿಮ್ಮ ಕೈಗೆ ಕೊಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಉದಾಹರಣೆ ಕಣ್ಣೆದುರಿಗೇ ಇದೆ: ಎಮಿಷನ್ ಟೆಸ್ಟ್. ದೆಹಲಿಯ ಹೊಗೆ ತಪಾಸಣಾ ಕೇಂದ್ರಗಳ ಬಗ್ಗೆ ಸಿಎಜಿ ವರದಿಯೊಂದು 2025ರಲ್ಲಿ ಅಲ್ಲಿನ ವಿಧಾನಸಭೆಯ ಮುಂದೆ ಬಂತು. ಮಿತಿ ಮೀರಿ ಹೊಗೆ ಉಗುಳಿದ ಒಂದು ಲಕ್ಷಕ್ಕೂ ಹೆಚ್ಚು ವಾಹನಗಳಿಗೆ ಪ್ರಮಾಣಪತ್ರ ಸಿಕ್ಕಿತ್ತು. ಒಂದೇ ಕೇಂದ್ರದಲ್ಲಿ ಒಂದೇ ಹೊತ್ತಿಗೆ ಒಂದಕ್ಕಿಂತ ಹೆಚ್ಚು ಗಾಡಿಗಳ ಪರೀಕ್ಷೆ ನಡೆದ ದಾಖಲೆಗಳಿದ್ದವು. ಒಂದು ನಿಮಿಷದೊಳಗೆ ಪರೀಕ್ಷೆ ಮುಗಿದು ಪ್ರಮಾಣಪತ್ರ ಹೊರಬಂದ ಪ್ರಕರಣಗಳೂ ಇದ್ದವು. ಇನ್ನೊಂದು ಗಮನಿಸಿ: ಪೆಟ್ರೋಲ್ ಬಂಕಿನ ಮೂಲೆಯಲ್ಲಿ ನಿಲ್ಲುವ ಎಮಿಷನ್ ವ್ಯಾನಿನವರು ರಿಪೇರಿ ಮಾಡುವವರಲ್ಲ, ಫೇಲು ಮಾಡಿ ರಿಪೇರಿ ಬಿಲ್ಲು ಹಾಕುವ ಆಸೆ ಅವರಿಗಿಲ್ಲ. ಆದರೂ ಪೈಪಿಗೆ ಕೊಳವೆ ಸರಿಯಾಗಿ ಇಡದೆ ಕಾಗದ ಕೊಡುವವರನ್ನು ನಾವೆಲ್ಲ ಕಂಡಿದ್ದೇವೆ. ರಿಪೇರಿಯನ್ನೂ ಪರೀಕ್ಷೆಯನ್ನೂ ಬೇರೆ ಮಾಡಿದರೆ ಸಾಕು ಎನ್ನುವವರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು.

ಯಾಕೆಂದರೆ ನಮ್ಮ ಕೇಂದ್ರ ಸರ್ಕಾರ ಹಿಡಿದಿರುವುದು ಅದೇ ದಾರಿ. 2021ರ ಸೆಪ್ಟೆಂಬರಿನಲ್ಲಿ ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳ ನಿಯಮ ಬಂತು, ಎಟಿಎಸ್ ಎನ್ನುತ್ತಾರಲ್ಲ, ಅದು. ಭಾರೀ ವಾಹನಗಳಿಗೆ 2023ರ ಏಪ್ರಿಲ್‌ನಿಂದಲೇ ಕಡ್ಡಾಯ ಎಂದು ಮೊದಲು ಹೇಳಿ, ಆಮೇಲೆ ಗಡುವನ್ನು 2024ರ ಅಕ್ಟೋಬರಿಗೆ ಮುಂದಕ್ಕೆ ಹಾಕಿದರು. ಅಲ್ಲಿ ರೋಲರ್ ಮೇಲೆ ಗಾಡಿ ನಿಲ್ಲಿಸಿ ಒಂದೊಂದು ಚಕ್ರದ ಬ್ರೇಕಿನ ಬಲವನ್ನೂ ಬೇರೆ ಬೇರೆ ಅಳೆಯುತ್ತಾರೆ. ಹೆಡ್‌ಲೈಟಿನ ಬೆಳಕು ಎಲ್ಲಿಗೆ ಬೀಳುತ್ತದೆ, ಸ್ಟೀರಿಂಗ್ ಜಾಯಿಂಟಿನಲ್ಲಿ ಎಷ್ಟು ಆಟವಿದೆ, ಸಸ್ಪೆನ್ಷನ್ ಹೇಗಿದೆ ಎನ್ನುವುದನ್ನೂ ಯಂತ್ರ ಹೇಳುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಷರತ್ತು: ಈ ಕೇಂದ್ರ ಪರೀಕ್ಷೆ ಮಾತ್ರ ಮಾಡಬೇಕು. ರಿಪೇರಿ, ಗಾಡಿ ಮಾರಾಟ, ಬಿಡಿಭಾಗದ ವ್ಯಾಪಾರ ಯಾವುದೂ ಕೂಡದು. ಫೇಲಾದ ಗಾಡಿಯನ್ನು ಸರಿ ಮಾಡಿಸಿಕೊಂಡು ಮೂವತ್ತು ದಿನದೊಳಗೆ ಮರುಪರೀಕ್ಷೆಗೆ ತರಬಹುದು. ಈ ಷರತ್ತನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ನಿಮಗೂ ಇದು ನಷ್ಟವಲ್ಲ. ನಿಜವಾಗಿ ಫೇಲು ಮಾಡುವ ಕೇಂದ್ರವಿದ್ದರೆ, ಬಣ್ಣಕ್ಕೆ ಹೋಗುತ್ತಿದ್ದ ದುಡ್ಡು ಬ್ರೇಕಿಗೆ ಬರುತ್ತದೆ. ಲೈನರ್, ವೀಲ್ ಸಿಲಿಂಡರ್, ಟೈ ರಾಡ್ ಕೆಲಸವೆಲ್ಲ ನಿಮ್ಮ ಶೆಡ್ಡಿಗೇ ಬರಬೇಕು.

ಆದರೆ ಯಂತ್ರ ತಂದಿಟ್ಟ ಮಾತ್ರಕ್ಕೆ ಸತ್ಯ ಬಂದಂತಾಗುವುದಿಲ್ಲ. ರೋಲರ್ ಮೇಲೆ ಯಾವ ಗಾಡಿ ಹತ್ತಿಸಬೇಕೆಂದು ತೀರ್ಮಾನಿಸುವವರು ಮನುಷ್ಯರೇ. ಗಾಡಿಯೇ ಬಾರದೆ ಪ್ರಮಾಣಪತ್ರ ಸಿಕ್ಕ ದೂರುಗಳು ಬೇರೆ ರಾಜ್ಯಗಳಿಂದ ಕೇಳಿಬಂದಿವೆ. ಚಾಸಿಗೆ ಹಿಡಿದ ತುಕ್ಕು, ಬಿರುಕು ಬಿಟ್ಟ ಕಮಾನ್ ಪಟ್ಟಿ, ಒಸರುತ್ತಿರುವ ಬ್ರೇಕ್ ಪೈಪು, ಇವು ಇಂದಿಗೂ ಕಣ್ಣಿಂದ ನೋಡಿಯೇ ಹೇಳಬೇಕಾದವು. ಖಾಸಗಿ ಕೇಂದ್ರವೊಂದಕ್ಕೆ ದಿನಕ್ಕೆ ಇಷ್ಟು ಗಾಡಿ ಬಂದರೆ ಮಾತ್ರ ಹಾಕಿದ ಬಂಡವಾಳ ಹುಟ್ಟುತ್ತದೆ ಎಂದಾದರೆ, ಎರಡು ಕೇಂದ್ರಗಳ ನಡುವೆ ಯಾವುದು ಸಲೀಸಾಗಿ ಪಾಸು ಮಾಡುತ್ತದೆ ಎಂದು ಗಿರಾಕಿ ಆರಿಸಬಹುದಾದರೆ, ನ್ಯೂಯಾರ್ಕಿನಲ್ಲಿ ಆದದ್ದು ಇಲ್ಲೂ ಆಗುತ್ತದೆ.

ಹಾಗಾದರೆ ಗಂಟು ಇರುವುದೆಲ್ಲಿ? ಪರೀಕ್ಷೆಗೆ ಒಳಗಾಗುವವರೇ ಪರೀಕ್ಷಕರನ್ನು ಆರಿಸಿ, ಅವರೇ ಕೈಯಾರೆ ದುಡ್ಡು ಕೊಡುವುದರಲ್ಲಿ. ಇದನ್ನು ಬಿಚ್ಚಿದರೆ ಏನಾಗುತ್ತದೆ ಎಂದು ನಮ್ಮ ದೇಶದಲ್ಲೇ ಪರೀಕ್ಷಿಸಿ ನೋಡಿದ್ದಾರೆ, ವಾಹನಗಳಲ್ಲಲ್ಲ, ಕಾರ್ಖಾನೆಗಳಲ್ಲಿ. ಗುಜರಾತಿನಲ್ಲಿ ಕಾರ್ಖಾನೆಗಳು ತಮ್ಮ ಮಾಲಿನ್ಯ ಅಳೆಯುವ ಆಡಿಟರನ್ನು ತಾವೇ ನೇಮಿಸಿ, ತಾವೇ ಸಂಬಳ ಕೊಡುತ್ತಿದ್ದವು. ವರದಿಗಳಲ್ಲಿ ಬಹುತೇಕ ಕಾರ್ಖಾನೆಗಳ ಮಾಲಿನ್ಯ ಕಾನೂನಿನ ಮಿತಿಗಿಂತ ಒಂದಿಷ್ಟೇ ಕೆಳಗೆ ಬಂದು ನಿಲ್ಲುತ್ತಿತ್ತು. ಎಸ್ತರ್ ಡುಫ್ಲೋ, ಮೈಕೆಲ್ ಗ್ರೀನ್‌ಸ್ಟೋನ್, ರೋಹಿಣಿ ಪಾಂಡೆ, ನಿಕೋಲಸ್ ರಯಾನ್ ಎಂಬ ಅರ್ಥಶಾಸ್ತ್ರಜ್ಞರು ಅಲ್ಲಿನ ಮಾಲಿನ್ಯ ನಿಯಂತ್ರಣ ಮಂಡಳಿಯ ಜೊತೆ ಸೇರಿ ಕೆಲವು ಕಾರ್ಖಾನೆಗಳಲ್ಲಿ ಪದ್ಧತಿ ಬದಲಿಸಿದರು. ಯಾವ ಕಾರ್ಖಾನೆಗೆ ಯಾವ ಆಡಿಟರ್ ಎಂದು ಚೀಟಿ ಎತ್ತಿ ಗೊತ್ತುಮಾಡಿದರು. ಸಂಬಳ ಒಂದು ಸಾಮಾನ್ಯ ನಿಧಿಯಿಂದ, ಎಲ್ಲರಿಗೂ ಒಂದೇ. ಜೊತೆಗೆ ಹೇಳದೆ ಕೇಳದೆ ಮರುತಪಾಸಣೆ. 2013ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ಹೊಸ ಪದ್ಧತಿಯಲ್ಲಿ ಆಡಿಟರುಗಳು ನಿಜ ಹೇಳತೊಡಗಿದರು, ಕಾರ್ಖಾನೆಗಳೂ ಮಾಲಿನ್ಯ ಕಡಿಮೆ ಮಾಡಿದವು. ಕೆಲಸ ಮಾಡಿದ್ದು ಅದೇ ವೃತ್ತಿಯ ಜನ. ಅವರ ಸ್ವಭಾವ ತಿದ್ದಲು ಯಾರೂ ಹೋಗಲಿಲ್ಲ.

ವಾಹನಗಳಿಗೂ ಇದನ್ನೇ ಮಾಡಬೇಕು ಎನ್ನುವುದು ನನ್ನ ಒತ್ತಾಯ. ಎಫ್‌ಸಿ ಶುಲ್ಕ ಹೇಗೂ ಆನ್‌ಲೈನಿನಲ್ಲೇ ಕಟ್ಟುತ್ತಾರೆ. ಅದು ಇಲಾಖೆಯ ನಿಧಿಗೆ ಹೋಗಲಿ. ಯಾವ ಕೇಂದ್ರ, ಯಾವ ಸಾಲು, ಯಾವ ಪರೀಕ್ಷಕ ಎನ್ನುವುದನ್ನು ಕಂಪ್ಯೂಟರು ಅದೇ ದಿನ ಬೆಳಿಗ್ಗೆ ಹೇಳಲಿ. ಪಾಸಾದರೂ ಫೇಲಾದರೂ ಕೇಂದ್ರಕ್ಕೆ ಸಿಗುವ ದುಡ್ಡು ಒಂದೇ ಇರಲಿ. ಪಾಸಾದ ಗಾಡಿಗಳಲ್ಲಿ ಕೆಲವನ್ನು ಅಲ್ಲೇ ತಡೆದು ಇನ್ನೊಬ್ಬರು ಮತ್ತೆ ನೋಡಲಿ. ದಾರಿಯಲ್ಲಿ ಹಿಡಿದು ನೋಡುವುದೂ ಇರಲಿ, ಬಾಡಿಗೆ ಟೈರಿನ ಕಥೆ ಬಯಲಾಗುವುದು ಆಗಲೇ. ಶಾಲಾ ವಾಹನದ ಪೂರ್ತಿ ವರದಿಯನ್ನು ಗಾಡಿ ನಂಬರ್ ಹಾಕಿದ ಯಾವ ಪೋಷಕರಾದರೂ ನೋಡುವಂತಿರಲಿ, ಬರೀ ಊರ್ಜಿತ ತಾರೀಖಲ್ಲ, ಯಾವ ಚಕ್ರದ ಬ್ರೇಕು ಎಷ್ಟು ಹಿಡಿಯಿತು ಎನ್ನುವುದೂ.

ಇದು ಸರ್ಕಾರಕ್ಕೆ ಹೇಳಬೇಕಾದ ಮಾತಲ್ಲವೇ, ನಮಗೇಕೆ ಎನ್ನುತ್ತೀರಿ. ಸರ್ಕಾರಕ್ಕೆ ಹೇಳುವವರು ನೀವಾದರೆ ಅದರ ತೂಕವೇ ಬೇರೆ. ನಿಮ್ಮದೇ ಗ್ಯಾರೇಜ್ ಸಂಘಗಳಿವೆ, ತಾಲ್ಲೂಕಿಗೊಂದು ಜಿಲ್ಲೆಗೊಂದು. ಪರೀಕ್ಷೆಯ ಹಕ್ಕು ನಮಗೆ ಕೊಡಿ ಎಂದು ಮನವಿ ಕೊಡುವ ಬದಲು, ಪರೀಕ್ಷೆ ಕಟ್ಟುನಿಟ್ಟಾಗಲಿ, ಮರುತಪಾಸಣೆ ಇರಲಿ ಎಂದು ಗಾಡಿಯ ಒಳಗುಟ್ಟು ಬಲ್ಲ ನೀವೇ ಕೇಳಿದರೆ ಅದನ್ನು ತಳ್ಳಿಹಾಕುವುದು ಕಷ್ಟ. ನಿಮ್ಮಲ್ಲಿ ಅನುಕೂಲಸ್ಥರು ಮುಂದೆ ಪಾಲುದಾರರಾಗಿ ಪರೀಕ್ಷಾ ಕೇಂದ್ರ ತೆರೆಯಲೂಬಹುದು. ಆಗ ಗ್ಯಾರೇಜನ್ನು ಇನ್ನೊಬ್ಬರ ಹೆಸರಿನಲ್ಲಿಟ್ಟು ಎರಡನ್ನೂ ನಡೆಸುವ ದಾರಿ ಹಿಡಿಯಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಇನ್ನೊಂದು ಕೆಲಸ ನಾಳೆಯಿಂದಲೇ ನಿಮ್ಮಿಂದ ಆಗುವಂಥದ್ದು. ಮಕ್ಕಳನ್ನು ಸಾಗಿಸುವ ಗಾಡಿ ಶೆಡ್ಡಿಗೆ ಬಂದಾಗ ಕಂಡ ದೋಷವನ್ನು ಜಾಬ್ ಕಾರ್ಡಿನಲ್ಲಿ ಬರೆಯಿರಿ. ಹಿಂದಿನ ಎಡ ಲೈನರ್ ಮುಗಿದಿದೆ, ಬದಲಿಸಲು ಹೇಳಿದೆ, ಒಪ್ಪಲಿಲ್ಲ. ಇಷ್ಟೇ, ತಾರೀಖು ಹಾಕಿ, ಒಂದು ಪ್ರತಿ ಮಾಲೀಕರಿಗೆ, ಒಂದು ನಿಮ್ಮಲ್ಲಿ. ಬಾಯಿಮಾತಿನಲ್ಲಿ ನೀವು ಇದನ್ನು ಈಗಲೂ ಹೇಳುತ್ತೀರಿ. ಆದರೆ ಬಾಯಿಮಾತಿಗೆ ದಾಖಲೆಯಿಲ್ಲ. ಅಪಘಾತವಾದ ಮೇಲೆ ಬರುವ ವಾಹನ ತಪಾಸಣಾ ವರದಿಗಳನ್ನು ನೋಡಿದವರಿಗೆ ಗೊತ್ತು, ಅಪಘಾತಕ್ಕೆ ಯಾಂತ್ರಿಕ ದೋಷ ಕಾರಣವಲ್ಲ ಎಂಬ ಸಾಲು ಅವುಗಳಲ್ಲಿ ಎಷ್ಟು ಸಲ ಬರುತ್ತದೆ ಎಂದು. ಕೇಸು ಚಾಲಕರ ಅಜಾಗರೂಕತೆಯ ಮೇಲೆ ನಿಲ್ಲುತ್ತದೆ, ಲೈನರ್ ಸುದ್ದಿ ಅಲ್ಲಿಗೇ ಮುಗಿಯುತ್ತದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ಎಷ್ಟು ಜನ ಬ್ರೇಕಿನಿಂದ, ಎಷ್ಟು ಜನ ಟೈರಿನಿಂದ ಸತ್ತರು ಎಂದು ನಂಬುವಂಥ ಲೆಕ್ಕ ಬರಬೇಕಾದರೆ ಯಾರಾದರೂ ಮೊದಲೇ ಬರೆದಿಟ್ಟಿರಬೇಕು. ಬರೆಯಬಲ್ಲವರು ನೀವು.

ಬಾಡಿಗೆ ಟೈರನ್ನು ನಿಮ್ಮ ಶೆಡ್ಡಿನಲ್ಲಿ ಹಾಕಿಕೊಡಬೇಡಿ. ಎಫ್‌ಸಿ ದಿನಕ್ಕೆಂದು ಬೇರೆ ಗಾಡಿಯಿಂದ ಬಿಚ್ಚಿ ತಂದ ಪಾರ್ಟು ಜೋಡಿಸಿಕೊಡಬೇಡಿ. ಒಬ್ಬರು ಇಲ್ಲ ಎಂದರೆ ಗಿರಾಕಿ ಪಕ್ಕದ ಬೀದಿಗೆ ಹೋಗುತ್ತಾರೆ, ನಿಜ. ಸಂಘದ ಎಲ್ಲರೂ ಒಟ್ಟಿಗೆ ಇಲ್ಲ ಎಂದರೆ ಹೋಗಲು ಬೀದಿ ಇರುವುದಿಲ್ಲ.

ಪೋಷಕರ ಪಾಲೂ ಇದರಲ್ಲಿದೆ ಎನ್ನುವುದನ್ನು ಮರೆತಿಲ್ಲ. ವ್ಯಾನಿನ ತಿಂಗಳ ಬಾಡಿಗೆಯನ್ನು ಚೌಕಾಸಿ ಮಾಡಿ ಮಾಡಿ ಇಳಿಸಿ, ಅದೇ ದುಡ್ಡಿನಲ್ಲಿ ಹೊಸ ಟೈರನ್ನೂ ಹಾಕಿಸಲಿ ಎಂದರೆ ಆ ಚಾಲಕ ಎಲ್ಲಿಂದ ತರಬೇಕು? ಜೂನ್ ತಿಂಗಳ ಪೋಷಕರ ಸಭೆಯಲ್ಲಿ ಈ ಮಾತನ್ನು ಎತ್ತುತ್ತೇನೆ. ವರ್ಷಕ್ಕೊಮ್ಮೆ ಬ್ರೇಕು, ಟೈರಿನ ಖರ್ಚಿಗೆಂದು ಮಕ್ಕಳ ಲೆಕ್ಕದಲ್ಲಿ ಪೋಷಕರು ಸ್ವಲ್ಪ ಸ್ವಲ್ಪ ಹಣ ಸೇರಿಸಲಿ, ಮಾಡಿಸಿದ ಕೆಲಸದ ಬಿಲ್ಲನ್ನು ಚಾಲಕರು ಸಭೆಗೆ ತೋರಿಸಲಿ ಎಂದು ಕೇಳುವವಳಿದ್ದೇನೆ. ನಿಮ್ಮ ಊರಿನ ಶಾಲೆಯಿಂದಲೂ ಯಾರಾದರೂ ಇಂಥ ಮಾತು ಹೊತ್ತು ಬಂದರೆ, ಒಂದು ಶನಿವಾರ ಮಧ್ಯಾಹ್ನ ಶಾಲೆಯ ಅಂಗಳಕ್ಕೆ ಬನ್ನಿ. ನಮ್ಮ ಊರಿನಲ್ಲಿ ಕರೆಯುವವಳು ನಾನೇ. ಸೀಲು ಬೇಡ, ಪ್ರಮಾಣಪತ್ರವೂ ಬೇಡ. ಜಾಕಿ ಏರಿಸಿ, ಚಕ್ರ ಬಿಚ್ಚಿ, ತಂದೆತಾಯಿಗಳ ಎದುರಿಗೆ ಒಂದೊಂದು ಗಾಡಿಯ ಲೈನರ್ ತೋರಿಸಿ.


ತಾಲ್ಲೂಕು ಪ್ರೌಢಶಾಲೆಯೊಂದರ ವಿಜ್ಞಾನ ಶಿಕ್ಷಕಿ